ಬೆತ್ಲೆಹೇಮಿನ ದಾರಿಯ ಕತ್ತೆ

ಮತ್ತೆ ಅದೇ ಮರ, ಹಿಮ ಹೊತ್ತ ಅದೇ ಮರ ರಾಜರ ಒಂಟೆಗಳ ಹಿಂದೆ ಮತ್ತೆ ಸರಿದುಹೋಯಿತು, ಆ ಮರಳುಗಾಡಿಗೆ ಇಷ್ಟು ಹಿಮ ಎಲ್ಲಿಂದ ಬಂತೋ ಎಂದು ಗ್ಲೆನಿಸ್ ಟೀವಿಯ ಹಳೇ ಕಾರ್ಟೂನು ನೋಡುತ್ತ ಒಳಗೊಳಗೇ ನಕ್ಕಳು, ಹೊರಗೆ ಸಿಡ್ನಿಯ ಡಿಸೆಂಬರ್ ಬಿಸಿಲಿಗೆ ಟಾರು ಮೆತ್ತಗಾಗಿದೆ, ಜೀರುಂಡೆಗಳು ಕಿವಿ ಕೊರೆಯುತ್ತಿವೆ, ಫ್ರಿಜ್ಜಿನಲ್ಲಿ ಸಿಗಡಿ ಕಾದಿದೆ, ಅಮ್ಮನಿಲ್ಲದ ಮೊದಲ ಕ್ರಿಸ್‌ಮಸ್ — ತಮ್ಮ ಡೆಸ್ ಸೋಫಾದಲ್ಲಿ ಕಾಲು ಚಾಚಿ, ಹೆಂಗಿದೆ ನೋಡಕ್ಕಾ, ಹಳೇ ಟೇಪು ಅಂತ ಯಾರಾದ್ರೂ ಹೇಳ್ತಾರಾ, ಅಂಗಡೀಲಿ ಕೊಟ್ಟು ಕಂಪ್ಯೂಟರ್‌ಗೆ ಹಾಕ್ಸಿ ಗೀರು, ಧೂಳು, ಕಲೆ ಎಲ್ಲಾ ತೆಗೆಸ್ಬಿಟ್ಟೆ, ಎನ್ನುತ್ತಾನೆ, ಕಲೆ ಎಂಬ ಮಾತಿಗೆ ಅವಳು ತಟ್ಟನೆ ಅವನತ್ತ ತಿರುಗಿದಳು, ಎಲ್ಲಾ ಎಂದರೆ ಅದೂ? ಮತ್ತೆ ಟೀವಿಯತ್ತ ಕಣ್ಣು ನೆಟ್ಟಳು, ಕತ್ತೆ ಇನ್ನೂ ಬಂದಿಲ್ಲ, ಮೊದಲು ರಾಜರು, ಆಮೇಲೆ ಗುಡ್ಡದ ದಾರಿ, ಆಮೇಲೆ ಮೇರಿಯನ್ನು ಹೊತ್ತ ಕತ್ತೆ, ಅಮ್ಮನ ಕತ್ತೆ — ಆ ಕಾಲದಲ್ಲಿ ಕಾರ್ಟೂನು ಬರೆಸುತ್ತಿದ್ದ ತಗಡಿನ ಶೆಡ್ಡಿನಲ್ಲಿ ಹೆಂಗಸರ ಸಾಲು, ಆ ಸಾಲಿನಲ್ಲಿ ಅಮ್ಮ ಡಾಫ್ನಿ, ಪಾರದರ್ಶಕ ಹಾಳೆಯ ಹಿಂಬದಿಗೆ ಬಣ್ಣ ತುಂಬುತ್ತಾಳೆ, ಫೆಬ್ರುವರಿಯ ಧಗೆಯಲ್ಲಿ ಅಮೆರಿಕದ ಟೀವಿಗೆಂದು ಹಿಮ ಬಳಿಯುತ್ತಾಳೆ, ಬೆವರು ತೊಟ್ಟಿಕ್ಕದಂತೆ ಹಣೆಗೆ ಕರವಸ್ತ್ರ, ಮೇರಿಯ ನೀಲಿಗೆ ಕುಂಚ ಅದ್ದುವ ಮುಂಚೆ ಶಿಲುಬೆಯ ಗುರುತು, ಕೈಗೆ ಬಿಳಿ ಹತ್ತಿಯ ಗವಸು, ಕುಂಚ ಹಿಡಿಯಲೆಂದು ಹೆಬ್ಬೆರಳಿನ ತುದಿ ಕತ್ತರಿಸಿದ ಗವಸು, ಆ ಕಿಂಡಿಯಿಂದಲೇ ಆದದ್ದು, ಒಣಗದ ಬೂದು ಬಣ್ಣಕ್ಕೆ ಹೆಬ್ಬೆರಳು ತಗುಲಿ ಕತ್ತೆಯ ತೊಡೆಯ ಮೇಲೆ ಅಚ್ಚು ಉಳಿಯಿತು, ಇನ್ನೊಂದು ಮಾಡೋಕೆ ಪುರುಸೊತ್ತಿಲ್ಲ ಡಾಫ್, ಹೋಗ್ಲಿ ಬಿಡು, ಅಂದನಂತೆ ಶೆಡ್ಡಿನ ಯಜಮಾನ, ಹೋಗಲಿಲ್ಲ, ಹಿಡಿಯಷ್ಟು ಹಾಳೆಗಳಲ್ಲೇ ಆ ಕತ್ತೆ ನಜರೇತಿನಿಂದ ಬೆತ್ಲೆಹೇಮಿನವರೆಗೆ ನಡೆಯಬೇಕಿತ್ತು, ಅವೇ ಹೆಜ್ಜೆ, ಅದೇ ಹಾಳೆ, ತಿರುತಿರುಗಿ ಅಮ್ಮನ ಹೆಬ್ಬೆಟ್ಟು, ನಿಮ್ಮಮ್ಮನ ಕತ್ತೆಗೆ ಕಜ್ಜಿ ಕಣೇ ಅಂತ ಶಾಲೆಯಲ್ಲಿ ಕೊರಿನ್ ಕಿಸಕ್ಕೆಂದಾಗ, ಕಜ್ಜಿ ಅಲ್ಲ, ಅದು ನಮ್ಮಮ್ಮ, ನಿಮ್ಮಮ್ಮ ಅಮೆರಿಕಕ್ಕೆ ಹೋಗಿದ್ದಾಳಾ ಹೇಳು, ಎಂದು ಗ್ಲೆನಿಸ್ ಎತ್ತಿದ ಗದ್ದ ಇಂದಿಗೂ ಇಳಿದಿಲ್ಲ, ಚಿತ್ರದ ಕೊನೆಗೆ ಬರುವ ಹೆಸರುಗಳಲ್ಲಿ ಯಜಮಾನನ ಹೆಸರಿದೆ, ಅವನ ಭಾಮೈದನದೂ ಇದೆ, ಅಮ್ಮನದಿಲ್ಲ, ಇದ್ದದ್ದು ಆ ಹೆಬ್ಬೆಟ್ಟೊಂದೇ — ಚರ್ಚಿಗೆ ಪಾಪನಿವೇದನೆಗೆ ಹೋದಾಗ ಅಮ್ಮ ಅದನ್ನೂ ಹೇಳಿದಳಂತೆ, ಮೇರಿಯಮ್ಮನ ಕತ್ತೆ ಕೆಡಿಸ್ಬಿಟ್ಟೆ ಫಾದರ್, ಪರದೆಯಾಚೆ ಫಾದರ್ ನಗು ತಡೆಯಲಾರದೆ ಕೆಮ್ಮಿದರಂತೆ, ದಿನ ತುಂಬಿದ ಹೆಂಗಸು ಕೂತಿದ್ದಾಳೆ, ಏರುದಾರಿ, ಹಿಂದಿಂದ ಯಾರಾದ್ರೂ ತಳ್ಳಬೇಕಲ್ಲಮ್ಮ, ಅಂದರಂತೆ, ಇದನ್ನು ಹೇಳುವಾಗಲೆಲ್ಲ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು, ಶವಪೆಟ್ಟಿಗೆ ಮುಚ್ಚುವ ಮೊದಲು ಗ್ಲೆನಿಸ್ ನೋಡಿದ್ದು ಮುಖವನ್ನಲ್ಲ, ಜಪಮಾಲೆ ಸುತ್ತಿದ ಆ ಬೆರಳನ್ನು, ದೇವರೇ, ಬೆರಳನ್ನು ನೀನು ತೆಗೆದುಕೊಂಡೆ, ಅಚ್ಚನ್ನಾದರೂ ಬಿಡು — ಗುಡ್ಡ ಬಂತು, ಅದೇ ಮರ ಬಂತು, ಕತ್ತೆಯ ಮೂತಿ, ಕಿವಿ, ಮೇರಿಯ ನೀಲಿ ಸೆರಗು, ಹೊಳೆಯುವಷ್ಟು ಚೊಕ್ಕಟ, ಅಯ್ಯೋ ಎಷ್ಟು ಚೊಕ್ಕಟ, ಅವಳು ಟೀವಿಯ ಹತ್ತಿರಕ್ಕೆ ಬಾಗಿದಳು, ಯಾಕಕ್ಕಾ ಹಂಗೆ ನೋಡ್ತೀಯ, ಡೆಸ್ ಎದ್ದು ಕುಳಿತ, ಇದನ್ನೂ ಒರೆಸ್ಬಿಡ್ಲಾ ಅಂದ ಆ ಅಂಗಡಿಯವನು, ಮುಟ್ಟಿದ್ರೆ ಕೈ ಮುರೀತೀನಿ, ಅದು ನಮ್ಮಮ್ಮ ಅಂದೆ, ಎಂದು ಟೀವಿಯತ್ತ ಬೆರಳು ತೋರಿಸಿದ, ಅದೋ, ತೊಡೆಯ ಮೇಲೆ, ಗೆರೆಗೆರೆಯಾಗಿ, ಹೆಬ್ಬೆಟ್ಟು, ಕತ್ತೆ ಮುಂದಕ್ಕೊಂದು ಹೆಜ್ಜೆ, ಮರ, ಹೆಬ್ಬೆಟ್ಟು, ಇನ್ನೊಂದು ಹೆಜ್ಜೆ, ತಳ್ಳಮ್ಮಾ, ಹೆಬ್ಬೆಟ್ಟು, ಏರು, ಹೆಬ್ಬೆಟ್ಟು