ಇಪ್ಪತ್ತೊಂದರ ಪ್ರೊಪೆಲರ್

“ಬಿಚ್ಚಿದ್ಯಾರ್ಲಾ ಅದ್ನ? ನಿನ್ನೇ ಕೇಳ್ತಿರೋದು, ಬಾಯ್ ಬುಡು!”

“ನಾನೇ ಬಿಚ್ಚಿದ್ದು. ಏನೀಗ?”

“ಏನೀಗ ಅಂತೀಯ? ದೇವ್ರು ಊವ ಕೊಟ್ಟಿರೋ ಫ್ಯಾನ್ನ ಬಿಚ್ಚಿ ಗೊಬ್ಬರದ ಚೀಲದಲ್ಲಿ ಸುತ್ತಿ ಮೂಲೆಗೆ ಬಿಸಾಕಿದ್ದೀಯ. ನೀನೇನ್ ಮನ್ಸನಾ?”

“ಬಿಸಾಕಿಲ್ಲ, ಮಡಗಿದ್ದೀನಿ. ನಿಮ್ಮ ಅಂಗ್ಡಿ ಗೊಬ್ಬರದ ಚೀಲವೇ ಅದು. ಅದೇನ್ ಕೊಳೆಯಲ್ಲ, ಸ್ಟೀಲು.”

ಶಂಭುಲಿಂಗಪ್ಪ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು ಕಿರುಚುತ್ತಿದ್ದರು. ನನ್ನ ಅಕ್ಕನ ಗಂಡ. ತಿ. ನರಸೀಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ವ್ಯಾಪಾರ. ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದರೆ ಎರಡು ಕೈಯಲ್ಲೂ ಪಂಚೆ ಹಿಡಿದುಕೊಳ್ಳುವ ಮನುಷ್ಯ. ಆದರೆ ದೋಣಿ ಅವರದು. ನೂರ ಹದಿನೈದು ಹೆಚ್‌ಪಿ ಔಟ್‌ಬೋರ್ಡ್ ಇಂಜಿನ್ನಿನ, ಓಟಕ್ಕೆಂದೇ ಮಾಡಿದ ಚೂಪು ಮೂತಿಯ ದೋಣಿ. ಅದನ್ನು ಸೋಸಲೆಯ ಹತ್ತಿರ ಹೊಳೆದಂಡೆಯ ಶೆಡ್ಡಿನಲ್ಲಿ ಇಟ್ಟಿದ್ದೆವು. ಓಡಿಸುವವನು ನಾನು, ಮಹಾದೇವಸ್ವಾಮಿ. ಬಹಳ ವರ್ಷ ಕಬಿನಿ ಹಿನ್ನೀರಿನ ರೆಸಾರ್ಟೊಂದರಲ್ಲಿ ಪರವೂರಿನ ಜನರನ್ನು ಕೂರಿಸಿಕೊಂಡು ಆನೆ ತೋರಿಸುತ್ತ ದೋಣಿ ಓಡಿಸಿದವನು. ಲೈಸೆನ್ಸು ಇದ್ದದ್ದು ನನಗೊಬ್ಬನಿಗೆ.

ಸ್ನಾನದ ದಿನಗಳಲ್ಲಿ ಸಂಗಮದಲ್ಲಿ ಜನ ಮುಳುಗದ ಹಾಗೆ ಕಾಯಲು ಒಂದು ವೇಗದ ದೋಣಿ ಬೇಕೆಂದು ಸರ್ಕಾರಿ ಇಲಾಖೆಯವರು ದೋಣಿ ಇದ್ದವರನ್ನು ಕರೆದಿದ್ದರು. ಮಾರನೆಯ ದಿನವೇ ಪರೀಕ್ಷೆ. ಗೆದ್ದ ದೋಣಿ ಅಲ್ಲೇ ನಿಲ್ಲುತ್ತದೆ, ಅದರ ಡ್ರೈವರೂ ಅಲ್ಲೇ. ಬೇರೆಯವರ ಮೋಜಿಗೆ ದೋಣಿ ಓಡಿಸಿ ಸಾಕಾಗಿತ್ತು ನನಗೆ. ನಮ್ಮ ಹೊಳೆಯಲ್ಲಿ, ನಮ್ಮ ಜನಕ್ಕೆ ಆಗುವ ಆ ಕೆಲಸ ನನಗೆ ಬೇಕಿತ್ತು. ಅದಕ್ಕಾಗಿಯೇ ರೆಸಾರ್ಟು ಬಿಟ್ಟು ಬಂದು ಭಾವನ ಬೈಗುಳ ತಿನ್ನುತ್ತಿದ್ದೆ.

ಜಗಳ ಎರಡು ಪ್ರೊಪೆಲರಿನದು, ಭಾವನ ಬಾಯಲ್ಲಿ ಫ್ಯಾನು. ಪ್ರೊಪೆಲರ್ ಒಂದು ಸುತ್ತು ಸುತ್ತಿದರೆ ಎಷ್ಟು ಇಂಚು ಮುಂದಕ್ಕೆ ನುಗ್ಗಬೇಕು ಅನ್ನುವುದು ಅದರ ಪಿಚ್ಚು. ಭಾವ ತರಿಸಿದ್ದು ಇಪ್ಪತ್ತೊಂದರದು, ಕನ್ನಡಿಯಂತೆ ಹೊಳೆಯುವ ಮೂರು ರೆಕ್ಕೆಯ ಸ್ಟೀಲು. ನಾನು ಹೇಳಿದ್ದು ಹದಿನೇಳರದು, ನಾಲ್ಕು ರೆಕ್ಕೆ, ಕಪ್ಪು ಬಣ್ಣ, ನೋಡಲು ಚೆನ್ನಾಗಿಲ್ಲ. ಬೈಕಿನಲ್ಲಿ ಟಾಪ್ ಗೇರು ಹಾಕಿ ದಿಬ್ಬ ಹತ್ತಿದವರಿಗೆ ಇದು ಗೊತ್ತಾಗುತ್ತದೆ. ಇಪ್ಪತ್ತೊಂದರದು ಒಬ್ಬಿಬ್ಬರು ಕೂತರೆ ಹಾರುತ್ತದೆ, ಐದು ಜನ ಕೂತರೆ ಇಂಜಿನ್ನಿನ ಉಸಿರು ಕಟ್ಟುತ್ತದೆ. ಹದಿನೇಳರದು ಓಟದಲ್ಲಿ ಹಿಂದೆ, ಆದರೆ ಜನ ತುಂಬಿದರೂ ದೋಣಿಯನ್ನು ನೀರಿನ ಮೇಲಕ್ಕೆ ಎತ್ತಿ ನಿಲ್ಲಿಸುತ್ತದೆ. ಮುಳುಗುವವರನ್ನು ಎತ್ತಿ ಹಾಕಿಕೊಳ್ಳುವ ದೋಣಿಗೆ ಯಾವುದು ಬೇಕು ಅಂತ ಎಮ್ಮೆಯನ್ನು ಕೇಳಿದರೂ ಹೇಳುತ್ತದೆ.

ಭಾವನನ್ನು ಕೇಳಿದರೆ ಹೇಳುವುದಿಲ್ಲ. “ಸ್ಪೀಡ್ ಬೋಟು ಅಂದ್ಮೇಲೆ ಸ್ಪೀಡ್ ಇರ್ಬೇಕು” ಅನ್ನುವುದೊಂದೇ ಅವರ ಮಾತು.

ಮಾತಿಗೆ ಮಾತು ಬೆಳೆದು, “ನಡೀರಿ, ಮನೆದೇವ್ರ ಅತ್ರನೇ ಊವ ಕೇಳವ” ಅಂದವನು ನಾನೇ. ನಮ್ಮ ಕಡೆ ಇದು ಇದ್ದದ್ದೇ. ಹೆಣ್ಣು ತರುವುದಿರಲಿ, ಬೋರು ಕೊರೆಸುವುದಿರಲಿ, ದೇವರ ಮೈಗೆ ಒದ್ದೆ ಹೂ ಅಂಟಿಸಿ ಕೂರುತ್ತೇವೆ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ದೇವರು ನನ್ನ ಕಡೆ ಅನ್ನುವ ಧೈರ್ಯ ನನಗೆ. ನಂಜನಗೂಡು ತಾಲ್ಲೂಕಿನ ನಮ್ಮ ಹಳ್ಳಿಯ ಗುಡಿಗೆ ಎರಡು ಪ್ರೊಪೆಲರನ್ನೂ ಹೊತ್ತುಕೊಂಡು ಹೋದೆವು. ಪೂಜಾರಿ ಎರಡಕ್ಕೂ ವಿಭೂತಿ ಹಚ್ಚಿದ. ಭಾವ ಸರಸರನೆ ತಮ್ಮದನ್ನು ಬಲಗಡೆ ಇಟ್ಟರು, ನಾನು ಎಡಗಡೆ ಇಟ್ಟೆ. ಬಲಗಡೆ ಹೂ ಬಿತ್ತು. ಕೂತಿದ್ದ ಹೆಂಗಸರು ಕೈ ಮುಗಿದರು. ಭಾವ ನನ್ನ ಮುಖ ನೋಡಿ ನಕ್ಕರು.

ಆ ನಗುವನ್ನು ಎರಡು ದಿನ ತಡೆದುಕೊಂಡೆ. ಆಮೇಲೆ ಮರಳಿನ ಮೂಟೆ ಹೇರಿ ನೋಡಿದೆ. ಥ್ರಾಟಲ್ ಪೂರ್ತಿ ಕೊಟ್ಟರೆ ಇಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಬೇಕು, ಇದು ನಾಲ್ಕು ಸಾವಿರದ ಮೇಲೆ ಚೂರು ಹೋಗಿ ಗೊರಗೊರ ಅನ್ನುತ್ತಿತ್ತು. ಬಿಚ್ಚಿ ಹದಿನೇಳರದನ್ನು ಹಾಕಿದೆ. ಅದನ್ನೇ ಈಗ ಭಾವ ಕಂಡುಹಿಡಿದಿದ್ದು.

ಬುತ್ತಿ ತಂದಿದ್ದ ನನ್ನ ಅಕ್ಕ ಚನ್ನಬಸಮ್ಮ ಗಂಡನ ಬೆನ್ನ ಹಿಂದಿನಿಂದ ಇಣುಕಿದಳು. “ಈ ಫ್ಯಾನ್ ಮಾರೋ ಕೊಚ್ಚಿ ಅಂಗ್ಡಿಯವ್ನು ಫೋನಲ್ಲಿ ಹತ್ತೊಂಬತ್ತರದು ಅಂತ ಇನ್ನೊಂದದೆ, ಎರಡಕ್ಕೂ ಆಯ್ತದೆ ಅಂದ್ನಲ್ಲ. ಅದ್ನೇ ತರ್ಸಿದ್ರೆ...”

“ನೀನ್ ಸುಮ್ಕಿರು!” ಅಂದರು ಭಾವ.

“ನೀನ್ ಸುಮ್ನಿರಕ್ಕ!” ಅಂದೆ ನಾನು.

ಅದೊಂದು ಸಲ ಇಬ್ಬರೂ ಒಂದೇ ಮಾತಾಡಿದೆವು. ಹತ್ತೊಂಬತ್ತು ಅಂದರೆ ನಾನೂ ಸೋತ ಹಾಗೆ, ಅವರೂ ಸೋತ ಹಾಗೆ. ಯಾರಿಗೆ ಬೇಕಿತ್ತು ಅದು?

“ಊವ ಕೇಳವ ಅಂದೋನು ನೀನು,” ಭಾವ ಬೆರಳು ನನ್ನ ಮೂಗಿನ ಹತ್ತಿರ ತಂದರು. “ನಾನ್ ಕರ್ದಿದ್ನೇನ್ಲಾ ನಿನ್ನ? ಊರೋರ ಮುಂದೆ ಒಪ್ಕಂಡು ಈಗ ಉಲ್ಟಾ ಒಡಿತೀಯ?”

“ದೇವ್ರಿಗೆ ಮುಳುಗೋರ ತೂಕ ಏಳಿದ್ರಾ ನೀವು? ಯಾವ್ದು ಚೆಂದಾಗದೆ ಅಂದ್ರಿ, ತೋರ್ಸ್ತು. ಚೆಂದಾಗೇ ಅದೆ, ಓಗಿ ಅಂಗ್ಡೀಲಿ ನೇತಾಕ್ಕಳಿ.”

“ಅದ್ನ ಆಕು. ಇಲ್ಲ ಅಂದ್ರೆ ದೋಣಿ ಮುಟ್ಬೇಡ.”

ಅಕ್ಕ ನನ್ನನ್ನು ನೋಡಿದಳು. ಬೇಡ ಅನ್ನಲಿಲ್ಲ, ಹಾಕು ಅನ್ನಲೂ ಇಲ್ಲ. “ಮಾತು ಕೊಟ್ಬುಟ್ಟಿದ್ದೀಯಲ್ಲಪ್ಪ” ಅಂದಳು, ಅಷ್ಟೇ. ಸ್ಪ್ಯಾನರ್ ಎತ್ತಿಕೊಂಡೆ. ನಟ್ಟು ಬಿಗಿ ಮಾಡುವಾಗ ಭಾವ ಕುತ್ತಿಗೆ ಬಗ್ಗಿಸಿ ನೋಡುತ್ತಲೇ ಇದ್ದರು, ನಾನೇನೋ ಕದಿಯುವವನ ಹಾಗೆ.

ಬೆಳಿಗ್ಗೆ ಸಂಗಮದ ಮೆಟ್ಟಿಲ ಮೇಲೆ ಜನ ಸೇರಿತ್ತು. ಮೈಸೂರಿನಿಂದ ಬಂದ ಸಾಹೇಬರು ಕೊಡೆಯ ಕೆಳಗೆ ಕೂತಿದ್ದರು. ಬಂದಿದ್ದದ್ದು ನಮ್ಮದೂ ಸೇರಿ ಎರಡೇ ದೋಣಿ. ಇನ್ನೊಂದು ಮಲ್ಲಿಕಾರ್ಜುನ್ ಅನ್ನುವವನದು. ಅಗಲವಾದ ಅಲ್ಯೂಮಿನಿಯಂ ದೋಣಿ, ಎಮ್ಮೆಯಂತೆ ನಿಧಾನ. ದಂಡೆಯಿಂದ, ಹೊಳೆಯ ನಡುವೆ ಕಲ್ಲುಕಟ್ಟೆಯ ಮೇಲೆ ಕೂತ ನಂದಿ, ನಡುಹೊಳೆ ಬಸಪ್ಪನ ತನಕ ಹೋಗಿ, ಸುತ್ತು ಹಾಕಿ ಬರಬೇಕು. ಐದು ಜನರನ್ನು ಕೂರಿಸುತ್ತೇವೆ ಅಂತ ಮೊದಲು ಹೇಳಿದ್ದರು. ಆಮೇಲೆ ನೋಡಿದರೆ ಲೈಫ್ ಜಾಕೆಟ್ ತುಂಬಿದ ಗಾಡಿಯೇ ಬಂದಿಲ್ಲ.

“ಪರವಾಗಿಲ್ಲ, ಡ್ರೈವರ್ ಮತ್ತು ನಮ್ಮವರೊಬ್ಬರು ಸಾಕು. ಬೇಗ ಮುಗಿಸಿ” ಅಂದರು ಸಾಹೇಬರು.

ಭಾವ ಆಕಾಶ ನೋಡಿ ಕೈ ಮುಗಿದರು.

ಥ್ರಾಟಲ್ ಒತ್ತಿದೆ. ಸುಳ್ಳು ಹೇಳುವುದಿಲ್ಲ, ಅಂಥ ಓಟ ನಾನು ಕಂಡಿರಲಿಲ್ಲ. ಮೂತಿ ಒಮ್ಮೆ ಎದ್ದು ಕೂತಿತು, ಆಮೇಲೆ ಹೊಳೆ ಅನ್ನುವುದು ಕೆಳಗೆಲ್ಲೋ ಇತ್ತು. ಕಪಿಲೆಯ ನೀರು ಕಾವೇರಿಗೆ ಸೇರುವ ಜಾಗದ ಅಲೆಗಳ ಮೇಲೆ ದೋಣಿ ಟಪಟಪ ಕುಟ್ಟಿಕೊಂಡು ಹಾರಿತು. ಪಕ್ಕದಲ್ಲಿ ಕೂತಿದ್ದ ಇಲಾಖೆಯವನು ಕಣ್ಣು ಮುಚ್ಚಿಕೊಂಡು ನನ್ನ ತೊಡೆ ಹಿಡಿದಿದ್ದ. ದಂಡೆಯ ಮೇಲೆ ಶಿಳ್ಳೆ. ಮಲ್ಲಿಕಾರ್ಜುನನ ದೋಣಿ ಬಸಪ್ಪನ ಹತ್ತಿರವೂ ಮುಟ್ಟಿರಲಿಲ್ಲ, ನಾನು ವಾಪಸ್ ಬಂದು ನಿಂತಿದ್ದೆ.

“ಇದೇ ಇರಲಿ” ಅಂದರು ಸಾಹೇಬರು.

ನಾನು ಅವರ ಹತ್ತಿರ ಹೋದೆ. “ಸಾ, ಇದ್ರಲ್ಲಿ ಐದ್ ಜನ ಕೂರ್ಸಿ ಇನ್ನೊಂದ್ ಸಲ ನೋಡಿ ಸಾ. ಈ ಪ್ರೊಪೆಲರಿಗೆ ಆಗಕ್ಕಿಲ್ಲ. ಬೇರೇದು ಆಕ್ಕೊಡ್ತೀನಿ, ಸ್ಪೀಡು ಸ್ವಲ್ಪ ಕಮ್ಮಿಯಾಯ್ತದೆ...”

“ಗೆದ್ದಿದೀರಲ್ಲ ಮಾರಾಯ್ರೆ, ಮತ್ತೆ ಯಾಕೆ ತಲೆ ತಿಂತೀರಿ? ಈಗ ಹೆಂಗಿದೆಯೋ ಹಂಗೇ ಇರಲಿ, ಏನೂ ಬದಲಾಯಿಸಬೇಡಿ” ಅಂದು ಜೀಪು ಹತ್ತಿದರು.

ಭಾವನ ಕೊರಳಿಗೆ ಆಗಲೇ ಹಾರ ಬಿದ್ದಿತ್ತು. ಅಂಗಡಿ ಬೀದಿಯ ನಾಲ್ಕು ಜನ ಸುತ್ತ ನಿಂತಿದ್ದರು. “ನೋಡುದ್ರಾ ದೇವ್ರ ಮಾತ?” ಅನ್ನುತ್ತಿದ್ದರು ಭಾವ. “ಈ ನನ್ ಬಾಮೈದ ಅವ್ನಲ್ಲ, ಕಬಿನೀಲಿ ಆನೆ ಲದ್ದಿ ತೋರ್ಸ್ಕಂಡಿದ್ದವ್ನು, ದೇವ್ರಿಗೇ ಪಾಠ ಏಳ್ಕೊಡೋಕ್ ಬಂದಿದ್ದ.”

ಎಲ್ಲರೂ ನಕ್ಕರು.

“ಕೂತ್ಕಳಿ,” ಅಂದೆ.

“ಎಲ್ಲಿ?”

“ದೋಣೀಲಿ. ನೀವು, ಈ ನಾಕು ಜನ. ದೇವ್ರ ಮೇಲೆ ನಂಬ್ಕೆ ಅದೆಯಲ್ಲ? ಕೂತ್ಕಳಿ.”

ಜನರ ಮುಂದೆ ಅವರು ಹಿಂದೆಗೆಯುವ ಹಾಗಿರಲಿಲ್ಲ. ಹಾರದ ಸಮೇತ ಹತ್ತಿದರು. ಉಳಿದವರೂ ಪಂಚೆ ಮೇಲೆ ಕಟ್ಟಿ ಹತ್ತಿದರು. ಗೊಬ್ಬರದ ಅಂಗಡಿ, ಹೋಟೆಲು, ರೈಸ್ ಮಿಲ್ಲಿನಲ್ಲಿ ಕೂತು ಬೆಳೆದ ಮೈಗಳು, ದೋಣಿ ಆಗಲೇ ಹಿಂದುಗಡೆ ನೀರಿಗೆ ತಗ್ಗಿತು. ಥ್ರಾಟಲ್ ಕೊಟ್ಟೆ, ಪೂರ್ತಿ ಕೊಟ್ಟೆ. ಮೂತಿ ಆಕಾಶಕ್ಕೆ ಎದ್ದು ಅಲ್ಲೇ ನಿಂತಿತು. ಮುಂದೆ ಏನೂ ಕಾಣುತ್ತಿರಲಿಲ್ಲ. ಮೀಟರಿನ ಮುಳ್ಳು ನಾಲ್ಕು ಸಾವಿರದ ಮೇಲೆ ಸಿಕ್ಕಿಕೊಂಡು ನಡುಗುತ್ತಿತ್ತು. ಹಿಂದುಗಡೆ ನೀರು ಅಂಚಿನ ಮೇಲಿಂದ ಒಳಗೆ ಬಂತು. ಎರಡು ಹೊಳೆ ಸೇರುವಲ್ಲಿ ಸೆಳವು ದೋಣಿಯನ್ನು ಅಡ್ಡಡ್ಡ ತಿರುಗಿಸಿ ಬಸಪ್ಪನ ಕಲ್ಲುಕಟ್ಟೆಯ ಕಡೆಗೆ ಎಳೆಯಿತು. ರೈಸ್ ಮಿಲ್ಲಿನವನು ಶಿವನೇ ಶಿವನೇ ಅನ್ನುತ್ತಿದ್ದ. ಭಾವ ಪಂಚೆ ಬಿಟ್ಟು ಎರಡು ಕೈಯಲ್ಲೂ ದೋಣಿಯ ಅಂಚು ಹಿಡಿದುಕೊಂಡರು. ಕಲ್ಲು ಕೈಗೆಟುಕುವಷ್ಟು ಹತ್ತಿರ ಬಂದಾಗ ರಿವರ್ಸ್ ಹಾಕಿ ಎಳೆದೆ. ಇನ್ನಷ್ಟು ನೀರು ತುಂಬಿತು. ತೆವಳಿಕೊಂಡು ದಂಡೆಗೆ ಬಂದೆವು.

ಯಾರೂ ನಗುತ್ತಿರಲಿಲ್ಲ. ಈಗಲಾದರೂ ಒಂದು ಮಾತು ಹೇಳುತ್ತಾರೆ ಅಂದುಕೊಂಡೆ. ಹದಿನೇಳರದನ್ನೇ ಹಾಕಪ್ಪ, ಇಲ್ಲ ಆ ಹತ್ತೊಂಬತ್ತರದನ್ನಾದರೂ ತರಿಸು ಅಂದಿದ್ದರೆ ಅಲ್ಲೇ ಕಾಲು ಹಿಡಿಯುತ್ತಿದ್ದೆ.

ಭಾವ ಇಳಿದರು. ಪಂಚೆ ಹಿಂಡಿದರು. ಹಿಂಡುತ್ತಲೇ ಹೇಳಿದರು.

“ಬೇಕಂತ್ಲೇ ಮಾಡ್ದೆ.”

“ಏನು?”

“ಆಗ ಹಾರ್ಸ್ದೋನು ಈಗ ಯಾಕ್ಲಾ ಹಾರ್ಸ್ಲಿಲ್ಲ? ನನ್ನ ಮರ್ವಾದೆ ಕಳಿಬೇಕು ಅಂತ ಥ್ರಾಟಲ್ ಇಡ್ಕಂಡೆ. ನಮ್ಮನ್ನ ಸಾಯ್ಸಕ್ಕೂ ರೆಡಿ ನೀನು.”

“ಪೂರಾ ಕೊಟ್ಟಿದ್ದೆ. ನಿಮ್ ಪಕ್ಕದಲ್ಲೇ ಮೀಟರಿತ್ತು.”

“ನಂಗ್ ಮೀಟರ್ ಬ್ಯಾಡ ಕಣ್ಲಾ, ನಿನ್ ಬುದ್ಧಿ ಗೊತ್ತು. ನಾಳೆಯಿಂದ ಈ ಫ್ಯಾನಲ್ಲೇ ಓಡಿಸ್ತೀಯ, ಬಾಯ್ ಮುಚ್ಕಂಡು ಓಡಿಸ್ತೀಯ. ಸಾಹೇಬ್ರು ಏಳವ್ರೆ, ದೇವ್ರು ಏಳವ್ನೆ.”

ಅಕ್ಕ ಮೆಟ್ಟಿಲ ಮೇಲಿದ್ದಳು. ರೈಸ್ ಮಿಲ್ಲಿನವನ ಕಡೆ ನೋಡಿದೆ. ಈಗ ತಾನೆ ಶಿವನೇ ಅಂದವನು, “ಸ್ವಲ್ಪ ಜೋರಾಗಿ ಬಿಡಬೋದಾಗಿತ್ತೇನೋ” ಅಂದು ತಲೆ ಒರೆಸಿಕೊಂಡ.

ಇಂಜಿನ್ನಿನ ಕೀಲಿ ತೆಗೆದು ಭಾವನ ಒದ್ದೆ ಕೈಯಲ್ಲಿಟ್ಟೆ. “ಈ ಫ್ಯಾನಲ್ಲಿ ಮುಳುಗೋರ್ನ ಎತ್ಕಳಕ್ಕೆ ನಾನ್ ಓಗಕ್ಕಿಲ್ಲ. ನೀವೇ ಓಡುಸ್ಕಳಿ.”

“ಓಗ್ಲಾ! ನಿನ್ನಂಗೆ ಸಾವಿರ ಜನ ಸಿಕ್ತಾರೆ!”

“ಸಿಗಲಿ. ಅವ್ರಿಗೆ ಈಜು ಬತ್ತದಾ ಅಂತ ಮೊದ್ಲು ಕೇಳಿ.”

ಮೆಟ್ಟಿಲು ಹತ್ತಿದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಊಟನಾದ್ರೂ ಮಾಡ್ಕಂಡೋಗೋ ಮಾದೇವ” ಅಂದಳು. ನಿಲ್ಲಲಿಲ್ಲ. ಹಿಂದಿನಿಂದ ಭಾವ ಇನ್ನೂ ಬೈಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸು ಹೊರಡಲು ನಿಂತಿತ್ತು. ಹತ್ತಿ ಕೂತೆ. ಅಕ್ಕ ಎರಡು ಸಲ ಫೋನು ಮಾಡಿದಳು, ಬಾ ಅಂದಳು. ನಾನು ಹೋಗಲಿಲ್ಲ.