ಬುಟ್ಟಿಯ ಕೆಳಗಿನ ಹೆಜ್ಜೆ

"ಈ ಅಂಗಳ ಯಾರು ಸಾರಿಸಿದ್ರವ್ವಾ?"

ಖೋಜಿ ಶಾಂತಪ್ಪ ಬೇಲಿಯ ಹೊರಗೇ ನಿಂತುಬಿಟ್ಟಿದ್ದ. ಹೆಜ್ಜೆ ನೋಡಿ ಜಾಡು ಹಿಡಿಯಲೆಂದೇ ನಿಜಾಮ ಸರಕಾರದ ಪೊಲೀಸರು ಇಟ್ಟುಕೊಂಡಿದ್ದ ತಂಡದ ಹಿರಿಯ ಅವನು. ಅವನ ಇಬ್ಬರು ಜೊತೆಗಾರರು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಿಂತಿದ್ದರು.

"ನಾನೇ ಸಾರಿಸೀನ್ರಿ," ಎಂದಳು ಪೀರಮ್ಮ. "ಸರಕಾರದ ಮಂದಿ ಬರ್ತಾರಂತ ಪಟೇಲರು ಹೇಳಿ ಕಳಿಸಿದ್ರು. ನಸುಕಿನ್ಯಾಗ ಎದ್ದು ಸಾರಿಸಿ ರಂಗೋಲಿ ಹಾಕೀನ್ರಿ."

ಹಿಂದಿನ ದಿನ ಅವಳು ಒಳಗೆ ಜೋಳ ಬೀಸುತ್ತಿದ್ದಾಗ ಐದು ವರ್ಷದ ಮಗಳು ಅಂಜಮ್ಮ ಅಂಗಳದಿಂದ ಕಾಣೆಯಾಗಿದ್ದಳು. ಗಂಡ ಬೀರಣ್ಣ ಕುರಿ ಬಿಟ್ಟು ತಾಂಡೂರಿನ ಠಾಣೆಗೆ ಓಡಿದ್ದ. ಮನೆ ಚೊಕ್ಕಟವಾಗಿದ್ದರೆ ಬಂದವರು ಕೂಸನ್ನು ಮನಸ್ಸಿಟ್ಟು ಹುಡುಕಿಯಾರು ಎಂದುಕೊಂಡಿದ್ದಳು ಪೀರಮ್ಮ. ಪಾಪ, ಅವಳಿಗೇನು ಗೊತ್ತು.

"ಮಂದಿ ತುಳಿದಿದ್ರ ಆರಿಸಿ ತೆಗೀತಿದ್ವಿ. ಸಾರಿಸಿದ್ರ ಏನು ಮಾಡೋದವ್ವ? ಕೂಸು ಎಡಕ್ಕ ಹೋಗ್ಯಾಳೋ ಬಲಕ್ಕ ಹೋಗ್ಯಾಳೋ, ಇಲ್ಲಿಂದನೇ ತಿಳೀಬೇಕಿತ್ತು."

ಎಡಕ್ಕೆ ಹಾಸುಗಲ್ಲಿನ ಗಣಿ, ಬಲಕ್ಕೆ ರೈಲು ನಿಲ್ದಾಣ. ಆಚೆಯ ದಾರಿಯನ್ನು ಸಂಜೆ ಮರಳಿದ ಕುರಿಗಳು ತುಳಿದುಹಾಕಿದ್ದವು.

ಒಳಗೆ ಬೀಸುಕಲ್ಲಿನ ಪಕ್ಕ ಒಂದೇ ಒಂದು ಪುಟ್ಟ ಹೆಜ್ಜೆ ಸಿಕ್ಕಿತು. ಸೋಮವಾರ ಸಾರಿಸಿದ ನೆಲ ಆರುವ ಮೊದಲೇ ಅಂಜಮ್ಮ ತುಳಿದು ಬೈಸಿಕೊಂಡಿದ್ದಳು. ಶಾಂತಪ್ಪ ಜೋಳದ ದಂಟು ಮುರಿದು ಅದರ ಅಳತೆ ತೆಗೆದುಕೊಂಡ. ಹೆಜ್ಜೆಯ ಮೇಲೆ ಬುಟ್ಟಿ ಬೋರಲು ಹಾಕಿದ.

"ಇದನ್ನ ತೆಗೀಬ್ಯಾಡವ್ವ. ಮತ್ತ ಬಂದು ಹೊಂದಿಸಿ ನೋಡೋದು ಇರ್ತದ."

ಗಣಿಯ ಗುಂಡಿಗಳಲ್ಲಿ ನೀರು ನಿಂತಿತ್ತು. ಆ ಭಯಕ್ಕೆ ಮೊದಲು ಎಡಕ್ಕೇ ಹೋದರು. ಸಂಜೆಯವರೆಗೂ ಹುಡುಕಿದರು. ಬಂಡೆಯ ಮೇಲೆ ಹೆಜ್ಜೆ ಎಲ್ಲಿ ಮೂಡಬೇಕು?

ಮರುದಿನ ನಿಲ್ದಾಣದ ಹಿಂದಿನ ಮಣ್ಣಿನಲ್ಲಿ ದಂಟಿನ ಅಳತೆಗೆ ಸರಿಹೊಂದುವ ಹೆಜ್ಜೆಗಳು ಸಿಕ್ಕವು. ಗೂಡ್ಸ್ ಗಾಡಿ ನಿಲ್ಲುವ ಜಾಗದವರೆಗೆ ಇದ್ದವು, ಆಮೇಲೆ ಇರಲಿಲ್ಲ. ಅವಳು ಕಾಣೆಯಾದ ದಿನ ಅಲ್ಲಿಂದ ಹೊರಟ ಗಾಡಿ ವಾಡಿ ಜಂಕ್ಷನ್ನಿಗೆ ಹೋಗಿತ್ತು; ಅಲ್ಲಿಗೆ ತಂತಿ ಹೋಯಿತು. ಗಾಡಿ ಅಲ್ಲಿಂದ ಬಿಟ್ಟಾಗಿದೆ, ಕೂಸನ್ನು ಯಾರೂ ಕಂಡಿಲ್ಲ ಎಂದು ಉತ್ತರ ಬಂತು.

"ನಿನ್ನಿ ಮಧ್ಯಾಹ್ನದ ತನಕ ಆ ಗಾಡಿ ವಾಡಿಯೊಳಗೇ ನಿಂತಿತ್ತಂತ," ಎಂದ ಬೀರಣ್ಣ. ಹೆಂಡತಿಯ ಮುಖ ನೋಡಿ, ಆಡಬಾರದಿತ್ತು ಎನಿಸಿ ತಲೆ ತಗ್ಗಿಸಿದ.

"ನಿನ್ನ ತಪ್ಪಲ್ಲವ್ವ," ಎಂದ ಶಾಂತಪ್ಪ.

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೀರಮ್ಮ ತನ್ನ ಕೈಗಳನ್ನೇ ನೋಡುತ್ತ ಕೂತಳು. ಉಗುರಿನ ಸಂದಿಯಲ್ಲಿ ಇನ್ನೂ ಸೆಗಣಿ ಇತ್ತು.

ಖೋಜಿಗಳು ಮತ್ತೆ ಬರಲಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ಬೀರಣ್ಣ ಒಮ್ಮೆ ಬುಟ್ಟಿಗೆ ಕೈ ಹಾಕಿದ.

"ಮುಟ್ಟಬ್ಯಾಡ," ಎಂದಳು ಪೀರಮ್ಮ. "ಅವರು ಬಂದ್ರ ಬೇಕಾಗ್ತದ."

ಅವನು ಕೈ ಹಿಂತೆಗೆದು ಹೊರಗೆ ಹೋದ. ಅಂದು ಸೋಮವಾರ. ಅವಳು ಸೆಗಣಿ ಕಲಸಿ ಮನೆಯೆಲ್ಲ ಸಾರಿಸಿದಳು. ಬೀಸುಕಲ್ಲಿನ ಹತ್ತಿರ ಬಂದಾಗ ಕೈ ನಿಧಾನವಾಯಿತು. ಬುಟ್ಟಿಯ ಸುತ್ತ ಒಂದು ಗೇಣು ಒಣನೆಲ ಬಿಟ್ಟು, ಅಲ್ಲಿಂದ ಹಿಂದೆ ಸರಿಯುತ್ತ ಹೊಸ್ತಿಲವರೆಗೆ ಸಾರಿಸಿದಳು.