ಕಂಬಳಿಯೊಳಗೆ ಕೂರುವ ಸರದಿ

ಪರದೆಗೆ ಒಂದು ತೂತು ಬಿದ್ದಿದೆ, ಇಲಿ ಕಡಿದದ್ದೋ ಕಿಡಿ ತಾಗಿದ್ದೋ, ಅದರೊಳಗಿಂದ ಬಿಸಿಲು ಸಣ್ಣ ಗುಂಡಗೆ ಬಂದು ಮೇಜಿನ ಮೇಲೆ ಕೂತಿದೆ, ಫ್ಯಾನಿನ ಗಾಳಿಗೆ ಪರದೆ ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ, ಮೇಜಿನಿಂದ ಮೇಡಂ ಬಳೆಗೆ, ಬಳೆಯಿಂದ ಮತ್ತೆ ಮೇಜಿಗೆ — ಎಲ್ಲೋ ನೋಡಿದ್ದೇನಲ್ಲ ಇಂಥ ಬೆಳಕನ್ನು, ಕತ್ತಲೊಳಗೆ ಕೂತು ನೋಡಿದ ಬೆಳಕು — ಮೇಡಂ ಏನೋ ಕೇಳಿದರು, ಕೇಳಿ ಕಾಯುತ್ತಿದ್ದಾರೆ, ನೀವು ಸಣ್ಣಾಕಿ ಇದ್ದಾಗ ನಿಮ್ಮ ಮನ್ಯಾಗ ಯಾರಿಗರ ಸಿಟ್ಟು ಬಂದ್ರ ಏನ್ ಮಾಡ್ತಿದ್ರಿ ಅಕ್ಕಾ, ಅವಸರ ಇಲ್ಲ, ನೆಪ್ಪಾದಾಗ ಹೇಳ್ರಿ. ಯಶೋಧರಾ ಅಂತೆ ಇವರ ಹೆಸರು, ಇಂಗ್ಲಿಷ್ ಮಾತಾಡಿಬಿಟ್ಟರೆ ಏನು ಗತಿ ಅಂತ ಹೆದರಿದ್ದೆ, ಬಾಯಿ ತೆಗೆದರೆ ಹಗರಿಬೊಮ್ಮನಹಳ್ಳಿ ಸಂತೆಯ ಮಾತು. ಅವಸರ ಇಲ್ಲ ಅಂತ ನನಗೆ ಇದುವರೆಗೆ ಯಾರು ಹೇಳಿದ್ದಾರೆ, ಕೂಡ್ಲಿಗಿ-ಕೊಟ್ಟೂರು ಬಸ್ಸಿನ ಕಂಡಕ್ಟರ್ ನಾನು, ಬಾಗಲ ಬಿಡ್ರಿ, ಹಿಂದ ಸರೀರಿ, ಆಧಾರ್ ಕೈಯಾಗ ಹಿಡ್ಕೋರಿ ಅಂತ ಒದರಿ ಒದರಿ ಗಂಟಲು ಒಡೆದಿದೆ, ಬಸ್ಸಿನಲ್ಲಿ ನನ್ನ ಸಿಟ್ಟಿಗೆ ಮರ್ಯಾದೆ ಇದೆ, ಸುಂಕಮ್ಮ ಇದ್ರ ಗಾಡಿ ಟೈಮಿಗೆ ಮುಟ್ಟತೈತಿ ಅಂತ ಡ್ರೈವರುಗಳು ಹೊಗಳುತ್ತಾರೆ. ಡಿಪೋದಲ್ಲಿ ಟಿಕೆಟ್ ಮಷಿನ್ನಿನ ಜೊತೆ ಆ ಸಿಟ್ಟನ್ನೂ ಒಪ್ಪಿಸಿ ಬರುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು, ಅದು ಮನೆಗೆ ಬರುತ್ತದೆ, ನನಗಿಂತ ಮೊದಲೇ ಬಾಗಿಲು ದಾಟುತ್ತದೆ.

ಇಲ್ಲಿಗೆ ಬಂದು ಮುಟ್ಟುವುದೇ ಒಂದು ಕಥೆ. ಮೊದಲು ಸಂಜೀವನ ಮೆಡಿಕಲ್ ಶಾಪಿಗೆ ಹೋಗಿ, ಸಿಟ್ಟಿಗೆ ಗುಳಿಗಿ ಐತೇನಪ್ಪಾ ಅಂದೆ, ಅವನು ನಗುತ್ತಲೇ ತೋಳಿಗೆ ಪಟ್ಟಿ ಸುತ್ತಿ ನೋಡಿದ, ಬಿಪಿ ಏನೂ ಇಲ್ಲಕ್ಕಾ, ನಿಂದು ಬರೇ ಬಾಯಿ, ಅಂದ, ಅದಕ್ಕೂ ಸಿಟ್ಟು ಬಂತು. ಮೊಬೈಲಿನಲ್ಲಿ ಕೌನ್ಸೆಲಿಂಗ್ ಅಂತ ಹುಡುಕಿ ಎಲ್ಲೋ ನಂಬರು ಒತ್ತಿದೆ, ಮಾರನೆಯ ದಿನದಿಂದ ಯಾವ್ಯಾವುದೋ ಕಾಲೇಜಿನವರು ಫೋನು ಹಚ್ಚಿ ಮಗಳ ರ‍್ಯಾಂಕ್ ಎಷ್ಟು ಮೇಡಂ ಅನ್ನುತ್ತಾರೆ, ನಮ್ಮ ಹುಡುಗಿ ಇನ್ನೂ ನಾಲ್ಕನೇ ಕ್ಲಾಸು, ಅವರಿಗೂ ಬೈದೆ. ನನ್ನ ಗಂಡ ಕಾಂತೇಶ್, ಹುಚ್ಚರ ಡಾಕ್ಟರ್ ಕಡಿ ಹೊಕ್ಕೀಯೇನ್ಲೇ, ನಾಕ್ ಮಂದಿ ಏನಂತಾರ, ಅಂದರು, ಅಂದವರೇ ನನ್ನ ಮುಖ ನೋಡಿ ಹೊರಗೆ ಹೋಗಿ ಚಪ್ಪಲಿ ಜೋಡಿಸುತ್ತ ನಿಂತರು, ನನ್ನ ಸಿಟ್ಟಿಗೆ ಹೆದರಿ ಚಪ್ಪಲಿ ಜೋಡಿಸುವ ಗಂಡಸು. ಕೊನೆಗೆ ಮಗಳ ಶಾಲೆಯ ಗೀತಮ್ಮ ಟೀಚರ್, ನಮ್ಮ ಬಸ್ಸಿಗೇ ಬರುವವರು, ಎಲ್ಲರೂ ಇಳಿದ ಮೇಲೆ ಹತ್ತಿರ ಬಂದು, ಹಡಗಲ್ಯಾಗ ದವಾಖಾನಿ ಹಿಂದ ಒಬ್ರು ಮೇಡಂ ಕುಂದ್ರತಾರ ಸುಂಕಮ್ಮ, ಚೊಲೋ ಕೇಳತಾರ, ನಾನೂ ಹೋಗಿದ್ದೆ, ಅಂದರು. ನಾನೂ ಹೋಗಿದ್ದೆ — ಆ ಒಂದು ಮಾತಿಗೆ ಬಂದೆ. ಹಡಗಲಿ ದಾರಿಯಲ್ಲಿ ನನ್ನನ್ನು ಯಾರು ಗುರುತು ಹಿಡಿಯುತ್ತಾರೆ ಅಂತ ಖಾಕಿ ಬಿಟ್ಟು ಸೀರೆ ಉಟ್ಟು ಹತ್ತಿದರೆ ಬಾಗಿಲಲ್ಲೇ ಆ ಬಸ್ಸಿನ ಕಂಡಕ್ಟರ್, ಏನ್ ಸುಂಕಮ್ಮಕ್ಕಾ ಈ ಕಡಿ, ಹಲ್ಲು ಕೀಳಿಸಾಕಪ್ಪಾ ಅಂದುಬಿಟ್ಟೆ, ಅಂದ ತಪ್ಪಿಗೆ ಹಡಗಲಿ ಬರುವ ತನಕ ಗಲ್ಲ ಹಿಡಿದುಕೊಂಡು ಕೂರಬೇಕಾಯಿತು, ಪಕ್ಕದಲ್ಲಿದ್ದ ಮಾಗಳದ ಮುದುಕಿ ಸೆರಗಿನ ಗಂಟು ಬಿಚ್ಚಿ ಲವಂಗ ಕೊಟ್ಟಳು, ಹಲ್ಲಿನ ಸಂದ್ಯಾಗ ಇಟ್ಕೋ ಮಗಳ, ನೋವು ಇಳೀತೈತಿ. ಆ ಲವಂಗ ಇನ್ನೂ ಬಾಯಲ್ಲೇ ಇದೆ, ನಾಲಿಗೆ ಜೋಮು ಹಿಡಿದಿದೆ.

ಮಗಳ ಅಂತ ಕರೆದಳು, ಹಾಗೆ ಕರೆಯುತ್ತಿದ್ದದ್ದು ಭರಮಮ್ಮಜ್ಜಿ — ಹೌದು, ಕಂಬಳಿ, ಈ ಬೆಳಕು ಕಂಬಳಿಯೊಳಗಿನದು, ಇಷ್ಟು ಹೊತ್ತು ಬೇಕಾಯಿತೇ ನೆನಪಾಗಲು. ಕಾನಹೊಸಹಳ್ಳಿಯ ಆಚೆ ನಮ್ಮ ಹಟ್ಟಿ, ಅಂಗಳದ ತುಂಬ ಕುರಿ, ಗೋಡೆಯ ಗೂಟದಲ್ಲಿ ಅಜ್ಜ ಕರಿಸಿದ್ದಪ್ಪನ ಕರಿ ಕಂಬಳಿ, ಹುಣಸೆಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ್ದು, ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ನೆಂಟರಿಗೆ ಹಾಸಿಗೆ, ಸಿಟ್ಟಿಗೆ ಮನೆ. ಉಣ್ಣೆ ಕತ್ತರಿಸುವಾಗ ಸಿಟ್ಟಿನ ಕೈ ಕತ್ತರಿ ಮುಟ್ಟಬಾರದು, ಕುರಿಗೆ ಗೊತ್ತಾಗುತ್ತದೆ, ಬೆದರಿ ಕೊಸರಿದರೆ ಕತ್ತರಿ ತೊಗಲಿಗೇ ಬೀಳುತ್ತದೆ, ಆಮೇಲೆ ಗಾಯಕ್ಕೆ ಅರಿಶಿನ ಮೆತ್ತಿಸಿಕೊಂಡು ಓಡಾಡುವುದು ಆ ಪಾಪದ ಪ್ರಾಣಿ — ಅದಕ್ಕೆ ಅಜ್ಜಿಯ ಕಾನೂನು, ಸಿಟ್ಟು ಬಂದವರು ಕಂಬಳಿಯೊಳಗೆ, ಗಂಡಸು ಹೆಂಗಸು ಸಣ್ಣವರು ದೊಡ್ಡವರು ಯಾರೇ ಇರಲಿ. ಟಗರಿನ ಸಲುವಾಗಿ ಅಜ್ಜ ತನ್ನ ಅಣ್ಣ ದೊಡ್ಡಬೀರಪ್ಪನ ಮೇಲೆ ಕೋಲೆತ್ತಿದ ದಿನ ಅಜ್ಜಿ ಅಡ್ಡ ಬರಲಿಲ್ಲ, ಬೈಯಲಿಲ್ಲ, ಹಿಂದಿನಿಂದ ಬಂದು ಕಂಬಳಿ ತಲೆಯ ಮೇಲೆ ಹಾಕಿದಳು, ಅಷ್ಟೆತ್ತರದ ಗಂಡಸು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಯಾರೂ ನಗಬಾರದು, ಯಾರೂ ಮಾತಾಡಿಸಬಾರದು. ಕಂಬಳಿಯ ಅಂಚಿನಿಂದ ಆಚೆ ಎರಡು ಪಾದ ಮಾತ್ರ, ಬಿರುಕುಬಿಟ್ಟ ಹಿಮ್ಮಡಿ, ನೆಲ ಕಚ್ಚಿಕೊಂಡ ಬೆರಳು, ಅಜ್ಜಿ ಉಣ್ಣೆ ನೂಲುತ್ತ ಆ ಬೆರಳುಗಳನ್ನೇ ನೋಡುತ್ತ ಕೂರುವಳು, ಮಾರಿ ನೋಡಿದ್ರ ಗೊತ್ತಾಗಂಗಿಲ್ಲ ಸುಂಕಿ, ಬೆರಳು ನೋಡು, ಒಳಗ ಗಂಟು ಇರೋತನಕ ಅವು ಬಿಚ್ಚಂಗಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು, ಒಂದೊಂದೇ ಸಡಿಲಾಗಿ ಮಣ್ಣಿನ ಮೇಲೆ ಹಗುರಾಗಿ ಹರಡಿಕೊಳ್ಳುವುವು, ಹಾಂ, ಸಡಲಿದ್ವು, ಹೋಗು, ಮಜ್ಜಿಗಿ ತಾ. ಹೊರಗೆ ಬಂದ ಅಜ್ಜ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, ಅಣ್ಣಾ ಟಗರು ನೀನ ಇಟ್ಕೋ, ಅಂದ. ನಾನೂ ಕೂತಿದ್ದೇನೆ ಅದರೊಳಗೆ, ಯಾವುದಕ್ಕೆ ಸಿಟ್ಟೋ ಈಗ ನೆನಪಿಲ್ಲ, ನೇಯ್ಗೆಯ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮೊಣಕಾಲ ಮೇಲೆ ಬೀಳುತ್ತಿತ್ತು, ಉಣ್ಣೆ ವಾಸನೆ, ಒಲೆಯ ಹೊಗೆ ವಾಸನೆ, ಹೊರಗೆ ಅಜ್ಜಿಯ ಬಳೆಯ ಸದ್ದು, ನನಗಾಗಿ ಒಬ್ಬರು ಕಾಯುತ್ತಿದ್ದಾರೆ ಅನ್ನುವ ಧೈರ್ಯ. ಅಜ್ಜೀ, ನೀನು ಹೋದ ಮೇಲೆ ನನ್ನ ಸಿಟ್ಟನ್ನು ಯಾರೂ ಕಾಯಲಿಲ್ಲ, ಎಲ್ಲರೂ ಓಡಿದರು. ಅಜ್ಜಿ ಹೋದಳು, ಕುರಿ ಹೋದವು, ಕಂಬಳಿ ಮಾತ್ರ ನನ್ನ ಜೊತೆ ಕೊಟ್ಟೂರಿಗೆ ಬಂದು ಮಂಚದ ಕೆಳಗೆ ಮಡಚಿಕೊಂಡು ಮಲಗಿದೆ.

ಮಗಳಿಗೆ ಅಜ್ಜಿಯ ಹೆಸರೇ ಇಟ್ಟೆವು, ಶಾಲೆಯಲ್ಲಿ ಭ್ರಮರಾಂಬ, ಮನೆಯಲ್ಲಿ ಭರಮಿ. ಮಲಗಿಸುವಾಗ ಈ ಕಥೆ ನಾನೇ ಹೇಳಿದ್ದೆ, ನಗುತ್ತ ಹೇಳಿದ್ದೆ, ಅವಳೂ ನಕ್ಕಿದ್ದಳು, ಮುತ್ತಜ್ಜ ಒಳಗ ಕುಂತಾಗ ಅವಂಗ ಸೆಕಿ ಆಗ್ತಿದ್ದಿಲ್ಲೇನವ್ವಾ, ಇನ್ನೊಮ್ಮೆ ಹೇಳು, ಇನ್ನೊಮ್ಮೆ. ಹೋದ ಭಾನುವಾರ ಮೋಟರ್ ಬಂದ್ ಮಾಡು ಅಂದದ್ದನ್ನು ಮರೆತಳು, ಅಷ್ಟೇ ಅವಳ ತಪ್ಪು, ಟ್ಯಾಂಕು ತುಂಬಿ ಹರಿದು ಮಾಳಿಗೆಯ ಮೇಲೆ ಒಣಗಿಸಿದ್ದ ಶ್ಯಾವಿಗೆಯೆಲ್ಲ ನೀರಾಗಿ ಹೋಯಿತು, ಹೋದರೆ ಹೋಗಲಿ ಶ್ಯಾವಿಗೆ, ಹಾಗೆ ಈಗ ಅನ್ನಿಸುತ್ತದೆ, ಆಗ ಬಾಯಿಗೆ ಬಂದದ್ದೆಲ್ಲ ಅಂದೆ, ಹುಟ್ಟಿದಾಗಿಂದ ನನ್ನ ಜೀವ ತಿನ್ನಾಕತ್ತಿ ಅಂದೆ, ಕೈಯಲ್ಲಿದ್ದ ಸೌಟು ಗೋಡೆಗೆ ಬಿತ್ತು — ಬಿದ್ದದ್ದಲ್ಲ, ಎಸೆದದ್ದು, ಅವಳ ಕಿವಿಯ ಪಕ್ಕದ ಗೋಡೆಗೆ, ಸುಣ್ಣ ಕಿತ್ತು ಬಂದಿದೆ ಅಲ್ಲಿ. ಆಮೇಲೆ ಅವಳು ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಕೋಣೆಯ ಮೂಲೆಯಲ್ಲಿ ಕರಿ ಕಂಬಳಿ ಕೂತಿದೆ, ಅಂಚಿನಿಂದ ಆಚೆ ಎರಡು ಸಣ್ಣ ಪಾದ, ಉಗುರಿಗೆ ಹಚ್ಚಿದ ಗೋರಂಟಿ ಅರ್ಧ ಮಾಸಿದ್ದು, ಬೆರಳು ನೆಲ ಕಚ್ಚಿಕೊಂಡದ್ದು. ಅಜ್ಜಿಯ ಹಾಗೆ ಎದುರಿಗೆ ಕೂತೆ, ಅಜ್ಜಿಯ ಹಾಗೆ ಕಾದೆ, ಉಪ್ಪು ಜೀರಿಗೆ ಹಾಕಿ ಮಜ್ಜಿಗೆಯನ್ನೂ ತಂದೆ, ಕುಡಿ ಮಗಳ ಅಂದೆ, ಅಲ್ಲೇ ಇಡವ್ವಾ, ನೀ ಹೋದ ಮ್ಯಾಲ ಕುಡೀತೀನಿ. ನಾನು ಹೋಗಲಿಲ್ಲ. ಭರಮೀ, ಸಿಟ್ಟು ಬಂದಾಕಿ ನಾನು, ನೀ ಯಾಕ ಒಳಗ ಕುಂತಿ. ಕಂಬಳಿ ಒಂದಿಷ್ಟು ಅಲ್ಲಾಡಿತು, ಒಳಗಿಂದ ಸಣ್ಣ ದನಿ, ನೀ ಕುಂದ್ರಂಗಿಲ್ಲಲ್ಲವ್ವಾ, ಅದಕ್ಕ ನಾನ ಕುಂತೀನಿ. ಮಜ್ಜಿಗೆಯ ಲೋಟವನ್ನು ಅಲ್ಲೇ ಬಿಟ್ಟು ಎದ್ದು ಬಂದೆ, ಮಾರನೆಯ ದಿನ, ಗೀತಮ್ಮ ಟೀಚರ್ ಹಿಂದೆಯೇ ಹೇಳಿದ್ದ ಜಾಗಕ್ಕೆ ಹೊರಡಲು ರಜೆ ಬರೆದು ಕೊಟ್ಟೆ.

ಅಕ್ಕಾ, ನೀರು ಕುಡೀತೀರೇನು, ಮೇಡಂ ಕೇಳುತ್ತಿದ್ದಾರೆ, ಬಳೆ ಸದ್ದಾಯಿತು, ಬೆಳಕಿನ ಚುಕ್ಕಿ ಮೇಜಿನಿಂದ ಜಾರಿ ನನ್ನ ಮೊಣಕಾಲಿಗೆ ಬಂದಿದೆ — ಹೇಳಬೇಕು, ಹೇಳಲಿಕ್ಕೇ ಬಂದದ್ದು, ಒಂದು ಕಂಬಳಿ ಹಾಕ್ರಿ ಮೇಡಂ ನನ್ನ ತಲಿ ಮ್ಯಾಲ, ಹಾಕಿ ನೀವು ಹೋಗಬ್ಯಾಡ್ರಿ, ಇಲ್ಲೇ ಕುಂದರ್ರಿ ಅನ್ನಬೇಕು, ಲವಂಗಕ್ಕೆ ನಾಲಿಗೆಯೇ ಹೊರಳುತ್ತಿಲ್ಲ, ತಲೆ ತಗ್ಗಿಸುತ್ತೇನೆ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದ ಬರಿಗಾಲು, ತಣ್ಣನೆಯ ನೆಲ, ಬೆರಳುಗಳೆಲ್ಲ ನೆಲ ಕಚ್ಚಿಕೊಂಡಿವೆ, ಇವು ನನ್ನವೇ, ಅಲ್ಲ, ಸಣ್ಣವು, ಉಗುರಿನಲ್ಲಿ ಅರ್ಧ ಮಾಸಿದ ಗೋರಂಟಿ, ಕರಿ ಅಂಚಿನಿಂದ ಆಚೆ, ಸಡಲು ಮಗಳ, ನಾ ಬಂದೀನಿ, ನನ್ನ ಸರದಿಗೆ ನಾನ ಬಂದೀನಿ, ಒಂದ ಬೆರಳರ ಸಡಲು — ಕಿರುಬೆರಳು — ಕಿರುಬೆರಳು ಇನ್ನೂ ಮಡಚಿಯೇ ಇದೆ.